ಪಡವಲಕಾಯಿಗೆ ಒಂದು ಗಾಡಿ

ನನ್ನ ತಂಗಿ ಕಾವೇರಮ್ಮ ಕಯಾಕ್ ತಂದಿದ್ದೀನಿ ಅಂತ ಫೋನಿನಲ್ಲಿ ಹೇಳಿದಾಗ ಯಾವುದೋ ಸಾಕುನಾಯಿ ಇರಬೇಕು ಅಂದುಕೊಂಡೆ. ಹೋಗಿ ನೋಡಿದರೆ ಹಸಿರು ಬಣ್ಣದ ಪ್ಲಾಸ್ಟಿಕ್ ದೋಣಿ. ಹನ್ನೆರಡು ಅಡಿ ಉದ್ದ, ಒಬ್ಬರು ಕೂರುವಷ್ಟು ಅಗಲ. ನಡುವೆ ಒಂದು ಕುರ್ಚಿ, ಪಕ್ಕದಲ್ಲಿ ಗಾಳದ ಕೋಲು ಸಿಕ್ಕಿಸಲು ತೂತುಗಳು. ಮಂಚನಬೆಲೆ ಕಡೆ ಯಾವುದೋ ರೆಸಾರ್ಟ್ ಬಾಗಿಲು ಹಾಕಿ, ಇದ್ದಬದ್ದ ಸಾಮಾನನ್ನೆಲ್ಲ ಬಂದ ಬೆಲೆಗೆ ಮಾರುತ್ತಿತ್ತಂತೆ. ಪೇಟೆಯವರು ಮೀನು ಹಿಡಿಯುವ ಆಟ ಆಡಲು ಇಟ್ಟಿದ್ದ ದೋಣಿ ಅದು. ಹಿಡಿದ ಮೀನಿನ ಫೋಟೊ ತೆಗೆದುಕೊಂಡು ಮತ್ತೆ ನೀರಿಗೇ ಬಿಡುತ್ತಾರಂತೆ. ಹೊಟ್ಟೆ ತುಂಬಿದವರ ಕೆಲಸಕ್ಕೆ ತಲೆಬುಡ ಇರುವುದಿಲ್ಲ.

ಊರಿನವರು ಆಗಲೇ ಅದಕ್ಕೆ ಪಡವಲಕಾಯಿ ಅಂತ ಹೆಸರಿಟ್ಟಿದ್ದರು.

ಕಾವೇರಮ್ಮನನ್ನು ಕೊಟ್ಟಿದ್ದು ತುಂಬೇದೊಡ್ಡಿಗೆ. ಅಲ್ಲಿಯ ಕೆರೆಯ ಮೀನಿಗೆ ಇಪ್ಪತ್ತು ಚಿಲ್ಲರೆ ಮನೆಗಳ ಹಕ್ಕು. ಮೀನು ಮೊಟ್ಟೆಯಿಡುವ ಎರಡು ತಿಂಗಳು ಯಾರೂ ಬಲೆ ಬಿಡುವುದಿಲ್ಲ. ಅದು ಮುಗಿದ ಬೆಳಿಗ್ಗೆ ಏರಿಯ ಮೇಲೆ ಗಂಗೆ ಪೂಜೆ, ಪೂಜೆಯಾದ ಮೇಲೆ ಚೀಟಿ. ಯಾರ ಕೈಗೆ ಯಾವ ಚೀಟಿ ಬರುತ್ತದೋ ಕೆರೆಯ ಆ ಭಾಗ ವರ್ಷವಿಡೀ ಅವರದು. ಆದರೆ ಚೀಟಿ ಎತ್ತಬೇಕಾದರೆ ಅವರ ತೆಪ್ಪ ಏರಿಯ ಮೇಲೆ ಇರಬೇಕು. ಇದ್ದರೆ ಸಾಲದು, ಆ ಮನೆಯವರೇ ಮನೆಯಿಂದ ಹೊತ್ತು ತಂದಿರಬೇಕು, ಇಲ್ಲವೇ ಆ ಮನೆಯ ಸ್ವಂತ ಗಾಡಿಯಲ್ಲಿ ತಂದಿರಬೇಕು. ಹಿಂದೊಮ್ಮೆ ಯಾವನೋ ಗುತ್ತಿಗೆದಾರ ಲಾರಿಯಲ್ಲಿ ತೆಪ್ಪಗಳನ್ನು ತಂದಿಳಿಸಿ, ಊರವರ ಹೆಸರು ಹೇಳಿ ಅರ್ಧ ಕೆರೆ ನುಂಗಿದ್ದನಂತೆ. ಅಂದಿನಿಂದ ಬಾಡಿಗೆ ಗಾಡಿಗೂ ಎರವಲು ಗಾಡಿಗೂ ಚೀಟಿ ಇಲ್ಲ. ಎರಡು ವರ್ಷ ಸತತವಾಗಿ ಚೀಟಿ ಎತ್ತದ ಮನೆಗೆ ಕೆರೆಯೇ ಇಲ್ಲ.

ಅವಳ ಗಂಡ, ನನ್ನ ಭಾವ, ತೀರಿಕೊಂಡ ಹದಿನೈದನೇ ದಿನಕ್ಕೆ ಅವನ ಅಣ್ಣ ಸಿದ್ದಯ್ಯ ಬಂದು ತೆಪ್ಪ ಎತ್ತಿಕೊಂಡು ಹೋದ. ಅದು ಮನೆತನದ ತೆಪ್ಪವಂತೆ. ಮನೆತನಕ್ಕೆ ಬಂದ ಸೊಸೆಗೆ ತೆಪ್ಪದಲ್ಲಿ ಜಾಗವಿಲ್ಲವಂತೆ. ಕಳೆದ ವರ್ಷ ಕಾವೇರಮ್ಮ ಚೀಟಿ ಎತ್ತಲಿಲ್ಲ. ಈ ವರ್ಷವೂ ಎತ್ತದಿದ್ದರೆ ಅವಳ ಪಾಲು ಸಿದ್ದಯ್ಯನಿಗೆ. ಆ ಮನುಷ್ಯ ಆಷಾಢದಿಂದಲೇ ನಗುಮುಖ ಹಾಕಿಕೊಂಡು ಓಡಾಡುತ್ತಿದ್ದ.

"ತೆಪ್ಪ ಹೊರಕ್ಕೆ ನಿನ್ ಕೈಲಿ ಆಗಕ್ಕಿಲ್ಲ ಅಂತ ಇದನ್ನ ತಂದ್ಯಾ? ಇದನ್ನ ಹೊತ್ಕೊಂಡೋಗಕ್ಕೆ ನಾಕು ಜನ ಬೇಕಲ್ಲೇ," ಅಂದೆ.

"ಅದಕ್ಕೇ ನಿನ್ನ ಕರೆಸಿದ್ದು ಅಣ್ಣ. ಒಂದು ಟ್ರೇಲರ್ ಬೇಕು. ನನ್ನ ಕೈಗೆ ಎಟುಕೋ ಅಂಥದ್ದು. ಕೆರೆ ಎರಡು ಕಿಲೋಮೀಟ್ರು. ದಿನಾ ಬೆಳಗ್ಗೆ ನಾನೊಬ್ಬಳೇ ಹೋಗಿ ಬರಬೇಕು."

"ಎಳೆಯೋದು ಯಾವುದರಲ್ಲಿ?"

ಅವಳು ನನ್ನ ಎಕ್ಸೆಲ್ ಮೊಪೆಡ್ ಕಡೆ ನೋಡಿದಳು. ನನಗೆ ಮರಳವಾಡಿ ಹತ್ತಿರ ಒಂದಿಷ್ಟು ಹಿಪ್ಪುನೇರಳೆ ತೋಟ ಇದೆ. ಸೊಪ್ಪು ಸಾಗಿಸಲು ಹೊಸ ಗಾಡಿ ತೆಗೆದುಕೊಂಡ ಮೇಲೆ ಈ ಎಕ್ಸೆಲ್ ನನ್ನ ಓಡಾಟಕ್ಕಷ್ಟೇ ಉಳಿದಿತ್ತು. "ತಗೊಂಡು ಓಡಿಸ್ಕೊ," ಅಂದೆ. ಅಲ್ಲಿಗೆ ಮೊಪೆಡ್ಡಿನ ವಿಷಯ ಮುಗಿಯಿತು ಅಂತ ಇಬ್ಬರೂ ತಿಳಿದೆವು.

ಮೊದಲು ಬಿಡದಿ ದಾಟಿ ಹೆದ್ದಾರಿ ಪಕ್ಕದ ಒಂದು ಗಾಜಿನ ಅಂಗಡಿಗೆ ಹೋದೆವು. ಡೇರೆ, ಬೆನ್ನುಚೀಲ, ಬೆಟ್ಟ ಹತ್ತುವ ಹಗ್ಗ ಮಾರುವ ಅಂಗಡಿ. ರಾಮನಗರದ ಬಂಡೆಗಳನ್ನು ನಮ್ಮ ಕುರಿಗಳು ಹಗ್ಗವಿಲ್ಲದೆ ಹತ್ತುತ್ತವೆ. ಒಳಗೆ ಟೈ ಕಟ್ಟಿದ ಹುಡುಗನೊಬ್ಬ ಬೆಳ್ಳಿಯ ಹಾಗೆ ಹೊಳೆಯುವ ಟ್ರೇಲರ್ ಪಕ್ಕ ನಿಂತಿದ್ದ.

"ನಿಮ್ಮ ಕಾರ್ ಯಾವುದು ಸರ್?"

"ಎಕ್ಸೆಲ್."

"ಅದು ಯಾವ ಕಂಪನಿ ಎಸ್‌ಯುವಿ ಸರ್?"

ಕಾವೇರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋದಳು. ನಾನು ಬೆಲೆ ಕೇಳಿದೆ. ಅವನು ಹೇಳಿದ. ಆ ದುಡ್ಡಿಗೆ ನಮ್ಮ ಕಡೆ ಎರಡು ಸೀಮೆ ಹಸು ಬರುತ್ತವೆ, ಮೇಲೆ ಕರುಗಳೂ ಬರುತ್ತವೆ. "ಇದರಲ್ಲಿ ಸಸ್ಪೆನ್ಷನ್ ಇದೆ ಸರ್, ಕಯಾಕ್‌ಗೆ ಜರ್ಕ್ ಆಗಲ್ಲ," ಅಂದ. "ಮೈಕೈ ನೋವು ಬರೋದಕ್ಕೆ ಅದೇನು ಬಾಣಂತಿಯಾ?" ಅಂದೆ. ಅವನು ಕಂಪ್ಯೂಟರ್ ಕಡೆ ತಿರುಗಿಕೊಂಡ. ಓದಿದವರಿಗೆ ಉತ್ತರ ಹೊಳೆಯದಿದ್ದಾಗ ಎಲ್ಲಾದರೂ ಒಂದು ಪರದೆ ಬೇಕು.

ಅಲ್ಲಿಂದ ಹಾರೋಹಳ್ಳಿ. ಕೈಗಾರಿಕಾ ಪ್ರದೇಶದ ಹೊರಗಡೆ ಅನೀಸ್ ಅಂತ ವೆಲ್ಡಿಂಗ್ ಮಾಡುವವನಿದ್ದಾನೆ. ಟ್ರ್ಯಾಕ್ಟರ್ ಟ್ರೇಲರ್ ಬಿಟ್ಟು ಜನ್ಮದಲ್ಲಿ ಬೇರೆ ಏನನ್ನೂ ಮಾಡಿದವನಲ್ಲ. ದೋಣಿಯ ಫೋಟೊ ತೋರಿಸಿದರೆ ನೋಡಲೂ ಇಲ್ಲ.

"ಆರು ಅಡಿ ಅಗಲ ಹಾಕ್ಬುಡಣ. ದಪ್ಪ ಆಂಗ್ಲು. ಆನೆ ಹತ್ತಿದ್ರೂ ಅಲ್ಲಾಡಕ್ಕಿಲ್ಲ."

"ಅನೀಸ್, ನಮ್ಮ ಮನೇಲಿ ಆನೆ ಇಲ್ಲ ಕಣ್ಲಾ. ಎಳೆಯೋದು ಎಕ್ಸೆಲ್."

"ಎಕ್ಸೆಲ್ ಮಾರ್ಬುಟ್ಟು ಟ್ರ್ಯಾಕ್ಟರ್ ತಗೊಳಣ."

ಇಂಥವನ ಹತ್ತಿರ ಚಪ್ಪಲಿಗೆ ಮೊಳೆ ಹೊಡೆಸಲು ಹೋದರೂ ಲಾಳ ಹೊಡೆದು ಕಳಿಸುತ್ತಾನೆ. ಅವನ ಅಂಗಡಿಯ ಚಹಾ ಕುಡಿದು ಎದ್ದೆವು. ಚಹಾವೂ ಕಬ್ಬಿಣದ ರುಚಿಯೇ ಇತ್ತು.

ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಯಲ್ಲಿ ಹಳೆಯದೊಂದು ಇದೆ ಅಂತ ಯಾರೋ ಹೇಳಿದರು. ಮದುವೆ ಮೆರವಣಿಗೆಗೆ ಮೈಕ್ ಸೆಟ್ಟು, ಜನರೇಟರ್ ಹೊತ್ತುಕೊಂಡು ತಿರುಗಿದ ಗಾಡಿ. ಮಾರುವವನು ಕೈಗೆ ದಪ್ಪ ಕಡಗ ಹಾಕಿಕೊಂಡು, ಅದನ್ನೇ ತಿರುಗಿಸುತ್ತ, "ಸಿಂಗಲ್ ಓನರ್ ಅಣ್ಣ, ಒಂದು ಗೀರಿಲ್ಲ," ಅಂದ. ನಾನು ಬಗ್ಗಿ ನೋಡಿದೆ. ಅಚ್ಚು ಬಾಳೆಹಣ್ಣಿನ ಹಾಗೆ ಬಾಗಿತ್ತು. ಚಕ್ರಗಳಲ್ಲಿ ಒಂದು ಕನಕಪುರದ ಕಡೆ ನೋಡಿದರೆ ಇನ್ನೊಂದು ತುಮಕೂರಿನ ಕಡೆ ನೋಡುತ್ತಿತ್ತು.

"ಅಚ್ಚು ಬಾಗೈತಲ್ಲಪ್ಪ."

"ಅದು ಡಿಸೈನು ಅಣ್ಣ."

ಆ ಮಾತಿಗೆ ಅವನ ಕಪಾಳಕ್ಕೆ ಬಿಡಬೇಕು ಅನ್ನಿಸಿತು. ಕಾವೇರಮ್ಮ ನನ್ನ ತೋಳು ಹಿಡಿದು ಎಳೆದುಕೊಂಡು ಬಂದಳು. ಬಸ್ಸಿನಲ್ಲಿ ಕೂತ ಮೇಲೆ ಅಂದಳು, "ನೀನು ಗಾಡಿ ನೋಡಕ್ಕೆ ಬತ್ತೀಯೋ, ಜಗಳ ನೋಡಕ್ಕೆ ಬತ್ತೀಯೋ?"

"ಗಾಡಿ ಎಲ್ಲೈತೆ ನೋಡಕ್ಕೆ? ಎಲ್ಲಾ ಕಡೆ ಕಳ್ಳರೇ ಅವ್ರೆ."

"ಚೀಟಿಗೆ ಇನ್ನೊಂದು ವಾರ ಐತೆ ಅಣ್ಣ. ನಿನ್ನ ಕೋಪ ಆಮೇಲೂ ಇರ್ತದೆ. ನನ್ನ ಕೆರೆ ಇರಕ್ಕಿಲ್ಲ."

ಅಷ್ಟು ಹೇಳಿ ಕಿಟಕಿಯ ಕಡೆ ತಿರುಗಿದಳು.

ಕೊನೆಗೆ ಗಾಡಿ ಸಿಕ್ಕಿದ್ದು ಚನ್ನಪಟ್ಟಣದ ಮಕ್ಬೂಲ್ ಸಾಬರ ಹತ್ತಿರ. ಅವರು ಗೊಂಬೆ ಮಾಡುವವರು. ಅವರ ಹೆಂಡತಿ ರೋಶನ್ ಬೀ ನಮ್ಮ ಭಾವ ಇದ್ದ ಕಾಲದಿಂದ ಕಾವೇರಮ್ಮನ ಹತ್ತಿರವೇ ಮೀನು ಕೊಳ್ಳುತ್ತಿದ್ದವರು. ಮರದ ತುಂಡುಗಳನ್ನು ಸಾಗಿಸಲು ಸಾಬರು ಒಂದು ಎರಡು ಚಕ್ರದ ಗಾಡಿ ಮಾಡಿಸಿದ್ದರು. ತೆಳು ಪೈಪು, ಹಳೇ ಸ್ಕೂಟರಿನ ಚಕ್ರ. ಈಗ ಮರ ಲಗೇಜ್ ಆಟೋದಲ್ಲಿ ಬರುತ್ತದೆ, ಗಾಡಿ ಗೋಡೆಗೆ ಒರಗಿತ್ತು.

"ಹಾಗೇ ತಗೊಂಡೋಗಮ್ಮ. ಆದಾಗ ತಂದುಕೊಡು," ಅಂದರು ಸಾಬರು.

"ಎರವಲು ಆಗಕ್ಕಿಲ್ಲ ಸಾಬ್ರೆ. ನನ್ನದೇ ಆಗಬೇಕು," ಅಂದಳು ಇವಳು. ಕೇಳಿದ ಬೆಲೆ ಕೊಟ್ಟಳು. ರೋಶನ್ ಬೀ ಅದರಲ್ಲಿ ಒಂದು ನೋಟು ಅವಳ ಕೈಗೆ ವಾಪಸ್ ತುರುಕಿ, "ಮೊದಲನೇ ದಿನದ ಮೀನು ನಂಗೆ," ಅಂದರು.

ಇಲ್ಲಿಯವರೆಗೆ ಸರಿ. ಮಾರನೆಯ ದಿನ ಮಕ್ಬೂಲ್ ಸಾಬರು ಗಾಡಿಯನ್ನು ಆಟೋದಲ್ಲಿ ಹಾಕಿಕೊಂಡು ತುಂಬೇದೊಡ್ಡಿಗೆ ಬಂದರು. ದೋಣಿಗೆ ತಕ್ಕ ಹಾಗೆ ಅಚ್ಚು ಸರಿಸಿಕೊಡುತ್ತೇನೆ ಅಂದರು. ಪಡವಲಕಾಯಿಯನ್ನು ಮೇಲೆ ಕೂರಿಸಿ, ಒಂದಿಷ್ಟು ಹಿಂದಕ್ಕೆ ತಳ್ಳಿ, ಒಂದಿಷ್ಟು ಮುಂದಕ್ಕೆ ಎಳೆದು, ಅಚ್ಚು ಬಿಚ್ಚಿ ಕಟ್ಟಿ, ಗಾಡಿಯ ಮೂತಿಯನ್ನು, ಎಳೆಯಲು ಹಿಡಿಯುವ ಮುಂದಿನ ಪೈಪನ್ನು, ಒಂದೇ ಬೆರಳಿನಿಂದ ಎತ್ತಿದರು. ಅದು ಗಾಳಿಯಲ್ಲಿ ಹಾಗೇ ನಿಂತಿತು, ಮೇಲಕ್ಕೂ ಇಲ್ಲ ಕೆಳಕ್ಕೂ ಇಲ್ಲ. ಆಮೇಲೆ ಜೇಬಿನಿಂದ ಕೆಂಪು ಅರಗಿನ ಕಡ್ಡಿ ತೆಗೆದು, ಬೆಂಕಿಯಲ್ಲಿ ಬಿಸಿ ಮಾಡಿ, ದೋಣಿ ಎಲ್ಲಿ ಕೂರಬೇಕೋ ಅಲ್ಲಿ ಪೈಪಿನ ಮೇಲೆ ಗೆರೆ ಎಳೆದರು.

ನನಗೆ ಮೈ ಉರಿಯಿತು. ನಮ್ಮಪ್ಪ ಎತ್ತಿನ ಬಂಡಿ ಹೊಡೆದವನು. ಬಂಡಿಗೆ ಯಾವತ್ತೂ ಒಸಿ ಮುಂಭಾರ ಇರಬೇಕು, ನೊಗ ಎತ್ತಿನ ಹೆಗಲ ಮೇಲೆ ಕೂರಬೇಕು. ಸರಿಸಮ ಇಟ್ಟರೆ ಓಡುವಾಗ ಬಾಲ ಆಡಿಸುತ್ತದೆ. ಇದು ಹಾಲು ಕುಡಿಯುವ ಮಗುವಿಗೂ ಗೊತ್ತು.

"ಸಾಬ್ರೆ, ಮುಂಭಾರ ಬೇಕು. ಇದು ರಸ್ತೇಲಿ ಕುಣೀತದೆ."

"ಮಗು ದಾರ ಹಿಡಿದು ಎಳೆದರೆ ಗೊಂಬೆ ಮೂತಿ ನೆಲಕ್ಕೆ ಕುಟ್ಟಬಾರದು ಕೆಂಪರಾಜಣ್ಣ. ನಲವತ್ತು ವರ್ಷದಿಂದ ಹಿಂಗೇ ಮಾಡ್ತಿರೋದು."

"ನಾವು ಗೊಂಬೆ ಕೊಂಡ್ಕೊಂಡಿದೀವಾ? ನನ್ನ ತಂಗಿಗೆ ಐವತ್ತಾಗ್ತಾ ಬಂತು, ದಾರ ಕಟ್ಕೊಂಡು ಆಟ ಆಡ್ತಾಳಾ?"

"ಭಾರ ಇಲ್ಲದೆ ಇರೋದು ತಪ್ಪು ಅಂತ ಹೇಳಿದ ಮೊದಲನೇ ಗಿರಾಕಿ ನೀವೇ," ಅಂದು ಸಾಬರು ಕೈ ತೊಳೆದುಕೊಂಡರು.

ಕೆಲವರಿಗೆ ಒಂದು ಕೆಲಸ ಚೆನ್ನಾಗಿ ಬಂದುಬಿಟ್ಟರೆ ಲೋಕವೆಲ್ಲ ಅದೇ ಕೆಲಸದಿಂದ ಆಗಿದೆ ಅಂದುಕೊಳ್ಳುತ್ತಾರೆ. ಅವರು ಹೋದ ಮೇಲೆ ಎಕ್ಸೆಲ್ಲಿಗೆ ಗಾಡಿ ಸಿಕ್ಕಿಸಿ ಓಡಿಸಿ ನೋಡಿದೆ. ಬೇಗ ಹೋದ ತಕ್ಷಣ ಪಡವಲಕಾಯಿ ಎಡಕ್ಕೂ ಬಲಕ್ಕೂ ಬಾಲ ಹೊಡೆಯಿತು. ಹೊಂಗೆ ಮರದ ಬುಡಕ್ಕೆ ತಾಗಿ ನಿಂತೆ. ಬೇಲಿ ಪಕ್ಕ ನಿಂತಿದ್ದ ಸಿದ್ದಯ್ಯ ಕೈ ತಟ್ಟಿದ.

"ಏನ್ ಭಾಮೈದ, ಪಡವಲಕಾಯಿಗೆ ದೆವ್ವ ಹಿಡೀತಾ?"

"ನಿನ್ನ ಹೊಟ್ಟೆಕಿಚ್ಚು ಹಿಡೀತು," ಅಂದೆ. ದೋಣಿಯನ್ನು ಒಂದು ಗೇಣು ಮುಂದಕ್ಕೆ ಎಳೆದು ಕಟ್ಟಿದೆ. ಕೆಂಪು ಗೆರೆ ಹಿಂದೆ ಉಳಿಯಿತು. ಮತ್ತೆ ಓಡಿಸಿದೆ. ಗಾಡಿ ಹಸುವಿನ ಹಾಗೆ ಹಿಂದೆ ಬಂತು. ಕಾವೇರಮ್ಮನಿಗೆ ತೋರಿಸಿ, "ನೋಡು, ಇದು ಬಂಡಿ ಹೊಡೆದವರ ಬುದ್ಧಿ," ಅಂದೆ. ಅವಳು ಆ ಗೆರೆಯನ್ನು ಉಗುರಿನಿಂದ ಸವರಿ ನೋಡಿದಳು ಅಷ್ಟೆ.

ಚೀಟಿಯ ಬೆಳಿಗ್ಗೆ ಅವಳೇ ಎಕ್ಸೆಲ್ ಓಡಿಸಿದಳು. ನಾನು ಗಾಡಿಯ ಹಿಂದೆ ಸೈಕಲ್ಲಿನಲ್ಲಿ ಬಂದೆ. ಏರಿಯ ಮೇಲೆ ತೆಪ್ಪಗಳು ಬೋರಲು ಬಿದ್ದಿದ್ದವು. ಅವುಗಳ ಪಕ್ಕ ಹಸಿರು ಪಡವಲಕಾಯಿ ನಿಂತಾಗ ಹೆಂಗಸರೆಲ್ಲ ಬಂದು ಮುಟ್ಟಿ ನೋಡಿದರು. ಗಂಡಸರು ದೂರದಲ್ಲೇ ನಿಂತು ಬೀಡಿ ಸೇದಿದರು. ನೋಡಬೇಕು ಅನ್ನಿಸಿದ್ದನ್ನು ನೋಡದ ಹಾಗೆ ಇರುವುದೇ ಅವರಿಗೆ ಗಾಂಭೀರ್ಯ.

ಚೀಟಿ ಎತ್ತಿಸುವ ಹಿರಿಯ ಬೋರಲಿಂಗಯ್ಯ ಬಂದು ಒಂದೊಂದೇ ತೆಪ್ಪ ಬಡಿದು ನೋಡುತ್ತ ಬಂದ. ಪಡವಲಕಾಯಿಯನ್ನೂ ಬಡಿದ.

"ತೇಲ್ತದಾ?"

"ತೇಲ್ತದೆ ತಾತ."

"ಗಾಡಿ?"

"ನನ್ನದೇ. ಚನ್ನಪಟ್ಟಣದಲ್ಲಿ ಕೊಂಡ್ಕೊಂಡೆ."

"ಸರಿ," ಅಂದು ಮುಂದೆ ಹೊರಟ. ಆಗ ಸಿದ್ದಯ್ಯ ಗಂಟಲು ಸರಿಮಾಡಿಕೊಂಡ. ಈ ಗಳಿಗೆಗಾಗಿ ವಾರದಿಂದ ಆ ಗಂಟಲನ್ನು ಸಾಕಿದ್ದ ಅಂತ ಕಾಣುತ್ತದೆ.

"ಗಾಡಿ ಅವಳದು ಬುಡು ತಾತ. ಎಳೆದಿದ್ದು ಯಾರ ಗಾಡಿ? ಎಕ್ಸೆಲ್ ಅವಳ ಅಣ್ಣಂದು. ಕೊಟ್ಟ ಹೆಣ್ಣಿಗೆ ಅಣ್ಣನ ಮನೆ ಬೇರೆ ಮನೆ ಅಲ್ವಾ? ಎರವಲು ಗಾಡೀಲಿ ತಂದಿದ್ದಕ್ಕೆ ಚೀಟಿ ಐತಾ?"

ನನ್ನ ಕಿವಿಗೆ ಬೆಂಕಿ ಬಿತ್ತು. ನಾಲ್ಕು ತಾಲ್ಲೂಕು ಸುತ್ತಿ ಗಾಡಿ ಆರಿಸಿದ್ದೆವು, ಎರವಲು ಬೇಡ ಅಂತ ಸಾಬರ ಉಪಕಾರ ಬಿಟ್ಟು ದುಡ್ಡು ಕೊಟ್ಟಿದ್ದೆವು. ಅದನ್ನು ಎಳೆಯುವ ಮೊಪೆಡ್ ನನ್ನದು ಅನ್ನುವುದು ಒಬ್ಬರ ತಲೆಗೂ ಬಂದಿರಲಿಲ್ಲ. ಅಣ್ಣನ ವಸ್ತುವನ್ನು ತಂಗಿ ಬಳಸಿದರೆ ಅದನ್ನು ಯಾರಾದರೂ ಎರವಲು ಅನ್ನುತ್ತಾರಾ? ಸಿದ್ದಯ್ಯ ಅನ್ನುತ್ತಾನೆ. ಅಂಥ ತಲೆ ಬರಬೇಕಾದರೆ ತಾಯಿಯ ಹಾಲಿನಲ್ಲಿ ಹುಳಿ ಬಿದ್ದಿರಬೇಕು.

"ಈಗಲೇ ಕೊಟ್ಟೆ! ಎಲ್ಲರ ಮುಂದೆ! ಎಕ್ಸೆಲ್ ಅವಳದು!" ಅಂತ ಕೂಗಿ, ಎಕ್ಸೆಲ್ಲಿನಲ್ಲೇ ಇದ್ದ ಬೀಗದ ಕೈ ಕಿತ್ತು ಅವಳ ಕೈಗೆ ಹಾಕಿದೆ.

"ಈಗ ಕೊಟ್ರೆ ನಾಳೆಗೆ ಆಯ್ತದೆ. ತರುವಾಗ ಯಾರದಾಗಿತ್ತು ಅನ್ನೋದೇ ಮಾತು," ಅಂದ ಬೋರಲಿಂಗಯ್ಯ. ಮುಖದಲ್ಲಿ ಸಂತೋಷವಿರಲಿಲ್ಲ, ಆದರೆ ನ್ಯಾಯ ಹೇಳುವಾಗ ಆ ಮುದುಕನ ಮುಖ ಯಾವಾಗಲೂ ಒಣಗಿದ ಹಾಗಲಕಾಯಿ. "ಪೂಜೆ ಮುಗಿದು ಕಾಯಿ ಒಡೆಯೋವರೆಗೂ ಹೊತ್ತು ಐತೆ ಕಣವ್ವ. ನಿನ್ನದೇ ಬಲದಲ್ಲಿ ಮನೆಗೆ ವಾಪಸ್ ಒಯ್ದು, ಹಂಗೇ ತಂದ್ರೆ ಚೀಟಿ ಕೊಡ್ತೀನಿ."

"ಎರಡು ಕಿಲೋಮೀಟ್ರು ಹೋಗಿ, ಎರಡು ಬರದಾ? ಒಬ್ಬಳೇನಾ?" ಅಂದೆ.

"ಅವಳ ಪಾಲು ಒಬ್ಬಳಿಗೇ ಅಲ್ವಾ ಬೇಕಿರೋದು?" ಅಂದ ಸಿದ್ದಯ್ಯ.

ನಾನು ಅವನ ಕಡೆ ನುಗ್ಗಿದೆ. ಇಬ್ಬರು ಹಿಡಿದುಕೊಂಡರು. ಅಷ್ಟರಲ್ಲಿ ಕಾವೇರಮ್ಮ ಸೀರೆ ಎತ್ತಿಕಟ್ಟಿ, ಎಕ್ಸೆಲ್ಲಿನಿಂದ ಗಾಡಿ ಬಿಚ್ಚಿಯಾಗಿತ್ತು. ನಾನು ಬಿಗಿದಿದ್ದ ಹಗ್ಗವನ್ನೂ ಬಿಚ್ಚಿದಳು. ದೋಣಿಯನ್ನು ಒಂದು ಗೇಣು ಹಿಂದಕ್ಕೆ ತಳ್ಳಿ, ಕೆಂಪು ಗೆರೆಗೆ ಸರಿಯಾಗಿ ಕೂರಿಸಿ, ಮತ್ತೆ ಕಟ್ಟಿದಳು. ಮೂತಿಯ ಪೈಪು ಹಿಡಿದು ಹೊರಟೇಬಿಟ್ಟಳು.

ನಾನು ಹಿಂದೆ ಹೊರಟೆ. ಮುಟ್ಟುವ ಹಾಗಿಲ್ಲ, ಜೊತೆಗೆ ನಡೆಯಬಹುದು ಅಂತ ಮುದುಕ ಹೇಳಿದ. ನಾನು ಮುಟ್ಟುತ್ತೇನೋ ಇಲ್ಲವೋ ನೋಡಲು ಸಿದ್ದಯ್ಯನೂ ಬಂದ. ಹೀಗೆ ಮುಂದೆ ಒಬ್ಬ ಹೆಂಗಸು ದೋಣಿ ಎಳೆಯುವುದು, ಹಿಂದೆ ಇಬ್ಬರು ಗಂಡಸರು ಕೈ ಬೀಸಿಕೊಂಡು ಬರುವುದು. ಹೊಲದಲ್ಲಿದ್ದವರು ಎದ್ದು ನಿಂತು ನೋಡಿದರು. ನನ್ನ ಜನ್ಮದಲ್ಲಿ ಇಷ್ಟು ನಾಚಿಕೆಗೇಡಿನ ಮೆರವಣಿಗೆಯಲ್ಲಿ ನಡೆದಿಲ್ಲ.

"ತೆಪ್ಪ ಕೊಟ್ಟಿದ್ರೆ ಇಷ್ಟೆಲ್ಲ ಆಗ್ತಿತ್ತೇನ್ಲಾ?" ಅಂದೆ.

"ಕೊಟ್ಟಿದ್ರೆ ಹೊರ್ತಿದ್ಲಾ? ನಂಗೇ ಸೊಂಟ ಬಿದ್ದೋಗ್ತದೆ."

"ಸೊಂಟ ಬಿದ್ದೋಗೋನು ಎರಡು ಪಾಲು ಯಾಕ್ ಕೇಳ್ತೀಯ? ಮಲಗಿಕೊಂಡು ಮೀನು ಹಿಡೀತೀಯಾ?"

"ನಿಂಗ್ಯಾಕ್ಲಾ ನಮ್ಮ ಕೆರೆ ಮಾತು? ಹೋಗಿ ಸೊಪ್ಪು ಕುಯ್ಯಿ."

"ಸೊಪ್ಪು ತಿನ್ನೋ ಹುಳಕ್ಕೆ ನಿನಗಿಂತ ಬುದ್ಧಿ ಐತೆ. ತಿಂದು ಒಂದು ಗೂಡಾದ್ರೂ ಕಟ್ತದೆ."

ಮುಂದೆ ಕಾವೇರಮ್ಮ, "ಇಬ್ರೂ ಒಸಿ ಬಾಯ್ಮುಚ್ಕೊಂಡು ಬನ್ನಿ," ಅಂದಳು. ಉಸಿರು ಏರಿರಲಿಲ್ಲ. ಆಗ ನೋಡಿದೆ. ಅವಳು ಗಾಡಿಯನ್ನು ಹೊತ್ತಿರಲಿಲ್ಲ, ಬಗ್ಗಿ ಎಳೆಯುತ್ತಲೂ ಇರಲಿಲ್ಲ. ಪೈಪಿನ ಮೇಲೆ ಬರೀ ಕೈಯಿಟ್ಟುಕೊಂಡು ನಡೆಯುತ್ತಿದ್ದಳು. ಮೂತಿಯ ಭಾರವೆಂಬುದೇ ಇರಲಿಲ್ಲ. ನನ್ನ ಮುಂಭಾರ ಇದ್ದಿದ್ದರೆ ಅರ್ಧ ದಾರಿಯಲ್ಲೇ ಅವಳ ಭುಜ ಕಳಚುತ್ತಿತ್ತು. ಆ ಗೊಂಬೆ ಸಾಬರಿಗೆ ಇದೆಲ್ಲ ಗೊತ್ತಿತ್ತು ಅಂತ ನಾನು ಒಪ್ಪುವುದಿಲ್ಲ. ಅವರು ಮಾಡಿದ್ದು ಅಭ್ಯಾಸಬಲ.

ಮನೆಯ ಅಂಗಳ ಮುಟ್ಟಿ, ಹೊಸ್ತಿಲಿಗೆ ಮೂತಿ ತಾಗಿಸಿ, ಒಂದು ಚೊಂಬು ನೀರು ಕುಡಿದು ತಿರುಗಿದಳು. ವಾಪಸ್ ಬರುವಾಗ ಮೋರಿಯ ಹತ್ತಿರ ಏರು. ಅಲ್ಲಿ ಒಂದು ಚಕ್ರ ಕಲ್ಲಿನ ಸಂದಿಗೆ ಇಳಿಯಿತು. ಗಾಡಿ ವಾಲಿತು. ಹತ್ತಿರದಲ್ಲಿದ್ದ ಸಿದ್ದಯ್ಯನ ಕೈ ತಾನಾಗಿ ಮುಂದೆ ಹೋಯಿತು. ಹುಟ್ಟಿದಾಗಿನಿಂದ ದೋಣಿ ವಾಲಿದಾಗ ಹಿಡಿದು ಅಭ್ಯಾಸವಾದ ಕೈ.

"ಮುಟ್ಟಬೇಡ ಕಣ್ಲಾ!" ಅಂತ ಕಿರುಚಿದೆ. ಮೋರಿಯ ಕೆಳಗಿದ್ದ ಕೊಕ್ಕರೆ ಹಾರಿಹೋಯಿತು. "ನೀನು ಮುಟ್ಟಿ, ಆಮೇಲೆ ನೀನೇ ಹೋಗಿ ಮುಟ್ಟಿದೆ ಅಂತ ಹೇಳ್ತೀಯಾ?"

ಸಿದ್ದಯ್ಯ ಬೆಂಕಿ ತಾಗಿದವನ ಹಾಗೆ ಕೈ ಹಿಂದೆ ಎಳೆದುಕೊಂಡ. ಅವನ ಮುಖದಲ್ಲಿ ಮೊದಲ ಸಲ ಏನೋ ಒಂದು ಮನುಷ್ಯನ ಲಕ್ಷಣ ಕಂಡಿತು, ಬೇಗನೆ ಹೋಯಿತು ಕೂಡ. ಕಾವೇರಮ್ಮ ನಮ್ಮಿಬ್ಬರನ್ನೂ ನೋಡಲಿಲ್ಲ. ಗಾಡಿಯನ್ನು ಒಂದು ಹೆಜ್ಜೆ ಹಿಂದೆ ಬಿಟ್ಟು, ಮೂತಿಯನ್ನು ಓರೆಗೆ ತಿರುಗಿಸಿ, ಇನ್ನೊಂದು ಚಕ್ರದ ಮೇಲೆ ಇಡೀ ಪಡವಲಕಾಯಿಯನ್ನು ಬುಗುರಿಯ ಹಾಗೆ ತಿರುಗಿಸಿದಳು. ಚಕ್ರ ಸಂದಿಯಿಂದ ಎದ್ದು ಬಂತು. ಏರು ಹತ್ತಿದಳು.

ಏರಿಯ ಮೇಲೆ ಬೋರಲಿಂಗಯ್ಯ ಮಂತ್ರವನ್ನು ಮೊದಲಿನಿಂದ ಮತ್ತೆ ಹೇಳುತ್ತಿದ್ದ. ಕಾಯಿ ಇನ್ನೂ ಅವನ ಎಡಗೈಯಲ್ಲೇ ಇತ್ತು. ಅವನ ಮಂತ್ರ ಇಷ್ಟು ಉದ್ದ ಅಂತ ಊರಿಗೆ ಆವತ್ತೇ ಗೊತ್ತಾಗಿದ್ದು. ಕಾವೇರಮ್ಮ ಗಾಡಿಯನ್ನು ತೆಪ್ಪಗಳ ಸಾಲಿಗೆ ನಿಲ್ಲಿಸಿದ ಮೇಲೆ ಕಾಯಿ ಒಡೆದ.

"ಅಣ್ಣ ಮುಟ್ಟಿದ್ನಾ?" ಅಂತ ಸಿದ್ದಯ್ಯನನ್ನು ಕೇಳಿದ.

ಸಿದ್ದಯ್ಯ ನೆಲ ನೋಡಿದ. ಒಂದು ಸುಳ್ಳು ಹೇಳಿದ್ದರೆ ಕೆರೆಯ ಪಾಲು ಅವನದು. ಸುಳ್ಳು ಹೇಳಲೂ ಒಂದಿಷ್ಟು ಧೈರ್ಯ ಬೇಕು, ಅದೂ ಅವನಲ್ಲಿರಲಿಲ್ಲ. "ಇಲ್ಲ," ಅಂದ.

ಕಾವೇರಮ್ಮ ಎಲ್ಲರ ಜೊತೆ ಸಾಲಿನಲ್ಲಿ ನಿಂತು ಚೀಟಿ ಎತ್ತಿದಳು. ಬಂದಿದ್ದು ಕೋಡಿಯ ಕಡೆಯ ಭಾಗ. ಜೊಂಡು ಬೆಳೆದ, ಯಾರಿಗೂ ಬೇಡದ ಮೂಲೆ. ದುಂಡನೆಯ ತೆಪ್ಪ ಆ ಜೊಂಡಿನ ಸಂದಿಗೆ ನುಗ್ಗುವುದಿಲ್ಲ. ಉದ್ದದ ಪಡವಲಕಾಯಿ ನುಗ್ಗುತ್ತದೆ. ಅವಳು ಚೀಟಿಯನ್ನು ರವಿಕೆಗೆ ಸಿಕ್ಕಿಸಿಕೊಂಡು, ದೋಣಿಯನ್ನು ನೀರಿಗೆ ಜಾರಿಸಿ, ಹತ್ತಿ ಕೂತಳು. ಪೇಟೆಯವರು ಆಟಕ್ಕೆ ಕೂರುತ್ತಿದ್ದ ಆ ಕುರ್ಚಿಯಲ್ಲಿ ಕೂತು, ಹುಟ್ಟು ಹಾಕುತ್ತ, ಜೊಂಡಿನೊಳಗೆ ಕಾಣದ ಹಾಗೆ ಹೋದಳು.

ಸಿದ್ದಯ್ಯ ನನ್ನ ಪಕ್ಕಕ್ಕೆ ಬಂದು ನಿಂತ. ಸೊಂಟ ಒತ್ತಿಕೊಂಡ. ಖಾಲಿ ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿದ. ಒಂದು ಬೆರಳಿನಿಂದ ಮೂತಿ ಎತ್ತಿ ಬಿಟ್ಟ.

"ಕೆಂಪ್ರಾಜು."

"ಏನ್ಲಾ."

"ತೆಪ್ಪಕ್ಕೂ ಇಂಥದ್ದು ಸಿಕ್ತದಾ? ಎಲ್ಲಿ ತಗೊಂಡ್ರಿ?"

"ಸಿಗ್ದೇ ಏನು," ಅಂದೆ. "ಬಿಡದಿ ದಾಟಿದ ಮೇಲೆ ಎಡಕ್ಕೆ ಒಂದು ಗಾಜಿನ ಅಂಗಡಿ ಐತೆ. ಟೈ ಕಟ್ಕೊಂಡ ಹುಡುಗ ಇರ್ತಾನೆ. ಯಾವ ಕಾರಲ್ಲಿ ಎಳೀತೀರಾ ಅಂತ ಕೇಳ್ತಾನೆ. ನಾಚ್ಕೋಬೇಡ, ಸೊಂಟ ಅಂತ ಹೇಳು."